ಓಕ್ ಮರದ ಬುಡದ ಗುಳಿ

ಬೇರೆ ಯಾರನ್ನು ಕೇಳಿದರೂ ಪ್ರಯೋಜನವಿಲ್ಲ ಎಂದಾದ ಮೇಲೆಯೇ ನಮಗೆ ಗುರುವಿನ ನೆನಪಾಗುವುದು. ಅಕಮೆಟ್ ಕೂಡ ಹಾಗೇ ಬಂದ.

ವೆಕನಪ್ ಗುರುಗಳು ನದಿಯ ದಡದಲ್ಲಿ ಕೂತು ಮೀನು ಹಸನು ಮಾಡುತ್ತಿದ್ದರು. ಶಿಷ್ಯ ಎದುರಿಗೆ ನಿಂತ. ಶಿಷ್ಯ ಅಂದರೆ ಎಳೆಯನಲ್ಲ, ಐವತ್ತು ದಾಟಿದವನು. ಕಡಲತೀರದ ಮೂಲನಿವಾಸಿಗಳಾದ ವಾಂಪನೋಗ್ ಜನರ ಏಳು ಹಳ್ಳಿಗಳಿಗೆ ನಾಯಕ. ಆದರೂ ಗುರುಗಳ ಮುಂದೆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ಅವನಿಗೆ ಇವತ್ತಿಗೂ ತಿಳಿಯುತ್ತಿರಲಿಲ್ಲ.

ಇವತ್ತು ಆ ಕೈಯಲ್ಲಿ ಒಂದು ಕಾಗದವಿತ್ತು.

"ಇಂಗ್ಲಿಷರು ಕಳಿಸಿದ್ದಾರೆ," ಎಂದ. "ನಮ್ಮ ಬಂದೂಕುಗಳನ್ನೆಲ್ಲ ಒಪ್ಪಿಸಬೇಕಂತೆ. ನದೀಮುಖದ ಮೆಕ್ಕೆಜೋಳದ ಹೊಲ ಬಿಟ್ಟುಕೊಡಬೇಕಂತೆ. ಹೊತ್ತು ಮುಳುಗುವುದರೊಳಗೆ ಅವರ ಊರಿಗೆ ಹೋಗಿ ಇದರ ಮೇಲೆ ಒಪ್ಪಿಗೆಯ ಗುರುತು ಹಾಕದಿದ್ದರೆ, ನಾಳೆ ಸೈನಿಕರು ಬರುತ್ತಾರಂತೆ."

"ಹಿಂದೆಯೂ ಒಂದು ಕಾಗದಕ್ಕೆ ಗುರುತು ಹಾಕಿದ್ದೆಯಲ್ಲ?"

ಅಕಮೆಟ್ ತಲೆ ತಗ್ಗಿಸಿದ. ಅದು ಹುಲ್ಲುಗಾವಲಿನ ಕಾಗದ. ನಮ್ಮ ಜೊತೆ ಅವರೂ ಅಲ್ಲಿ ಬೇಟೆಯಾಡಲಿ, ಹುಲ್ಲು ಕೊಯ್ಯಲಿ ಎಂದುಕೊಂಡು ಹಾಕಿದ್ದ. ಒಲೆಯ ಪಕ್ಕ ಅತಿಥಿಗೆ ಜಾಗ ಕೊಟ್ಟ ಮಾತ್ರಕ್ಕೆ ಮನೆಯವನು ಎದ್ದು ಹೊರಗೆ ಹೋಗಬೇಕೇ? ಅವನ ಜನರಲ್ಲಿ ಯಾರಿಗೂ ಹಾಗೊಂದು ಯೋಚನೆಯೇ ಬಂದಿರಲಿಲ್ಲ. ಮರುವಾರ ಬೇಲಿ ಎದ್ದಿತ್ತು. ಅಕಮೆಟ್ ಬೇಲಿಯ ಹೊರಗಿದ್ದ.

"ಹಾಕಲೋ, ಬೇಡವೋ? ಎರಡರಲ್ಲೊಂದು ಹೇಳಿಬಿಡಿ ಗುರುಗಳೇ."

ಗುರುಗಳು ಮೀನನ್ನು ಮಗುಚಿ ಹಾಕಿದರು.

"ಓಕ್ ಮರದ ಬುಡದ ಗುಳಿ ಏನು ಹೇಳುತ್ತೆ?"

ದೊಡ್ಡ ಸಂಗತಿಯೊಂದು ನಡೆದ ಜಾಗದಲ್ಲಿ, ದಾರಿಯ ಪಕ್ಕ, ಮೊಳದಾಳದ ಗುಂಡನೆಯ ಗುಳಿ ತೋಡುವುದು ಆ ಜನರ ಪದ್ಧತಿ. ಹಾದುಹೋಗುವವರು "ಇದು ಯಾವುದರ ಗುಳಿ?" ಎಂದು ಕೇಳಬೇಕು. ಗೊತ್ತಿದ್ದವರು ಹೇಳಬೇಕು. ಕೇಳಿದವರು ಒಳಗೆ ಬಿದ್ದ ಎಲೆ, ಮಣ್ಣು ತೆಗೆದು ಮುಂದೆ ಹೋಗಬೇಕು. ಚಿಕ್ಕಂದಿನಲ್ಲಿ ಅಕಮೆಟ್ ಈ ಗುರುಗಳ ಹಿಂದೆ ನಡೆದು ನಡೆದೇ ನಲವತ್ತೆರಡು ಗುಳಿಗಳ ಕಥೆ ಬಾಯಿಪಾಠ ಮಾಡಿದ್ದ.

"ನಮ್ಮಪ್ಪನ ಕಥೆ ಹೇಳುತ್ತೆ," ಎಂದ. "ಇಂಗ್ಲಿಷರು ಕಡಲು ದಾಟಿ ಬಂದ ಮೊದಲ ಚಳಿಗಾಲ. ಅವರಲ್ಲಿ ಅರ್ಧ ಜನ ಸತ್ತಿದ್ದರು. ಉಳಿದವರಿಗೆ ಎದ್ದು ನಿಲ್ಲುವ ತ್ರಾಣವಿರಲಿಲ್ಲ. ಅಪ್ಪ ಮೆಕ್ಕೆಜೋಳದ ಗಂಜಿ ಹೊತ್ತುಕೊಂಡು ಹೋದ. ಅವರ ಹಿರಿಯನೊಬ್ಬ ನಮ್ಮಪ್ಪನ ಜೊತೆ ಒಂದೇ ಮಡಕೆಯಿಂದ ಉಂಡ. ಇದನ್ನು ನಾವು ಎಂದೂ ಮರೆಯುವುದಿಲ್ಲ ಅಂತ ಅತ್ತುಬಿಟ್ಟ. ಇಬ್ಬರೂ ಕೂಡಿ ಗುಳಿ ತೋಡಿದರು."

"ಹೋಗಿ ಅದನ್ನು ಹಸನು ಮಾಡಿ ಬಾ. ಆಮೇಲೆ ಮಾತು."

"ಹೊತ್ತಾಗುತ್ತಿದೆ ಗುರುಗಳೇ!"

"ಹೀಗೆ ಮಾತಾಡುತ್ತ ನಿಂತರೆ ಇನ್ನೂ ಹೊತ್ತಾಗುತ್ತೆ, ಮಗು."

ಐವತ್ತು ದಾಟಿದ ಮಗು ಹಲ್ಲು ಕಚ್ಚಿಕೊಂಡು ಹೊರಟಿತು.

ಅರ್ಧ ದಾರಿಯಲ್ಲಿ ಅಕಮೆಟ್‌ಗೆ ಗುರುಗಳ ಮನಸ್ಸಿನಲ್ಲಿದ್ದದ್ದು ಹೊಳೆಯಿತು. ಇಂಗ್ಲಿಷರನ್ನು ಕರೆತಂದು ಆ ಗುಳಿಯ ಮುಂದೆ ನಿಲ್ಲಿಸಬೇಕು! ಅವರ ಹಿರಿಯನ ಕೈ ತಾಗಿದ ಮಣ್ಣು ಅದು. ಅದನ್ನು ನೋಡಿದ ಮೇಲೂ ಕಾಗದ ಮುಂದೆ ಹಿಡಿಯುವ ಧೈರ್ಯ ಯಾರಿಗಿದ್ದೀತು? ಎಷ್ಟೋ ದಿನಗಳ ಮೇಲೆ ಅವನ ಎದೆ ಹಗುರವಾಯಿತು. ಹೆಜ್ಜೆಗಳು ಬೇಗ ಬೇಗ ಬಿದ್ದವು.

ಓಕ್ ಮರ ಇತ್ತು. ಗುಳಿ ಇರಲಿಲ್ಲ.

ಇದ್ದ ಜಾಗದಲ್ಲಿ ಕಲ್ಲು, ಜೇಡಿಮಣ್ಣು ತುಂಬಿ ಚೆನ್ನಾಗಿ ದಮ್ಮಸು ಮಾಡಿದ್ದರು. ಮೇಲೆ ಗಾಡಿಯ ಚಕ್ರದ ಗುರುತು.

ಸ್ವಲ್ಪ ಮುಂದೆ ಒಬದಾಯ ಎತ್ತಿನ ಗಾಡಿಯಿಂದ ಕಲ್ಲು ಇಳಿಸುತ್ತಿದ್ದ. ಗಂಜಿ ಉಂಡ ಆ ಇಂಗ್ಲಿಷ್ ಹಿರಿಯನ ಮಗನೇ ಅವನು. ಚಿಕ್ಕವರಿದ್ದಾಗ ಅವನು, ಅಕಮೆಟ್ ಇಬ್ಬರೂ ಕೂಡಿ ಕಪ್ಪೆಚಿಪ್ಪು ಆರಿಸಿದ್ದರು.

"ಬನ್ನಿ ನಾಯಕರೇ, ದಾರಿ ಹೇಗಾಗಿದೆ ನೋಡಿ!" ಎಂದು ಒಬದಾಯ ನಕ್ಕ. "ಇಲ್ಲಿಂದ ಕಡಲತೀರದವರೆಗೆ ಇದ್ದಬದ್ದ ಗುಂಡಿಯೆಲ್ಲ ಮುಚ್ಚಿಬಿಟ್ಟೆ. ಹೋದ ತಿಂಗಳು ನನ್ನ ಹಸು ಕಾಲು ಮುರಿದುಕೊಂಡಿತು. ನಿಮ್ಮ ಮಕ್ಕಳುಮರಿಯೂ ಓಡಾಡುವ ದಾರಿ ಅಲ್ಲವೇ?"

"ಇದು ಏನು ಅಂತ ನಿನಗೆ ಗೊತ್ತಿತ್ತಾ?"

"ಯಾವುದು? ಗುಂಡಿ."

"ನಿಮ್ಮಪ್ಪ ಕೈಯಾರೆ ತೋಡಿದ್ದು."

ಒಬದಾಯನ ಮುಖ ಸಪ್ಪಗಾಯಿತು. "ಆ ಚಳಿಗಾಲ ಅಪ್ಪ ತುಂಬ ಗುಂಡಿ ತೋಡಿದ್ದರು, ನಾಯಕರೇ. ಎಲ್ಲ ಹೆಣ ಹೂಳುವುದಕ್ಕೆ. ಒಂದರಲ್ಲಿ ನನ್ನ ತಾಯಿ ಇದ್ದಾಳೆ."

"ಆಮೇಲೆ ನಿಮಗೆ ಊಟ ಕೊಟ್ಟವರು ಯಾರು ಅಂತ ಹೇಳಲಿಲ್ಲವಾ ಅವರು?"

"ಹೇಳದೆ ಇರುತ್ತಾರೆಯೇ? ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದರು. ದೇವರು ಕೊಟ್ಟ ಅಂತ."

ಒಬದಾಯ ಕೆಟ್ಟವನಲ್ಲ. ಅಕಮೆಟ್‌ಗೆ ಕಷ್ಟವಾದದ್ದೂ ಅದೇ. ಅವನು ಕೆಟ್ಟವನಾಗಿದ್ದರೆ ಸಿಟ್ಟಾದರೂ ಬರುತ್ತಿತ್ತು. ಒಬದಾಯ ತನ್ನ ಬುತ್ತಿ ಬಿಚ್ಚಿ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟ. ಅಕಮೆಟ್ ಬೇಡವೆನ್ನಲಾರದೆ ತೆಗೆದುಕೊಂಡ.

ಅವನು ಹಿಂದಿರುಗಿದಾಗ ಬಿಸಿಲು ಇಳಿದಿತ್ತು.

"ಹಸನು ಮಾಡಿದೆಯಾ?" ಎಂದರು ಗುರುಗಳು.

"ಗುಳಿ ಇಲ್ಲ. ಮುಚ್ಚಿದ್ದಾರೆ."

"ಉಳಿದವು?"

"ಅಲ್ಲಿಂದ ಕಡಲತೀರದವರೆಗೆ ಒಂದೂ ಇಲ್ಲ ಗುರುಗಳೇ."

ಗುರುಗಳ ಕೈಯಿಂದ ಚಾಕು ಜಾರಿತು. ಗುರುಗಳು ಗೊತ್ತಿದ್ದೇ ಕಳಿಸಿ ತನ್ನನ್ನು ಪರೀಕ್ಷಿಸಿದ್ದಾರೆ ಎಂದು ಮರಳುವ ದಾರಿಯಲ್ಲಿ ಅಂದುಕೊಂಡಿದ್ದ ಅಕಮೆಟ್ ಅವರ ಮುಖ ನೋಡಿ ಹೆದರಿದ. ಅವರಿಗೂ ಗೊತ್ತಿರಲಿಲ್ಲ. ತುಟಿ ಅಲುಗುತ್ತಿತ್ತು. ಒಂದೊಂದೇ ಗುಳಿಯ ಹೆಸರು ಹೇಳಿಕೊಳ್ಳುತ್ತಿದ್ದರು.

"ಇಂಗ್ಲಿಷರನ್ನು ಆ ಗುಳಿಯ ಹತ್ತಿರ ಕರೆದುಕೊಂಡು ಹೋಗು ಅಂತ ಹೇಳೋಣ ಅಂದುಕೊಂಡಿದ್ದೆ," ಎಂದರು ಕೊನೆಗೆ.

"ಈಗ ಏನು ಮಾಡಲಿ? ಗುರುತು ಹಾಕಲಾ?"

"ಹಾಕಿದರೆ ಈ ವರ್ಷ ನದೀಮುಖ ಹೋಗುತ್ತೆ. ಬರುವ ವರ್ಷ ಇನ್ನೊಂದು ಕಾಗದ ಬರುತ್ತೆ."

"ಹಾಕದಿದ್ದರೆ?"

"ನಾಳೆಯಿಂದಲೇ ಮಕ್ಕಳು ಸಾಯುತ್ತಾರೆ."

"ಹಾಗಾದರೆ ದಾರಿ ಯಾವುದು?" ಅಕಮೆಟ್‌ನ ದನಿ ಒಡೆಯಿತು. ಏಳು ಹಳ್ಳಿಯ ನಾಯಕ ಬಿಕ್ಕಿ ಬಿಕ್ಕಿ ಅತ್ತ.

ಗುರುಗಳು ಎದ್ದರು. ಚಿಪ್ಪಿನ ಗುದ್ದಲಿ ತೆಗೆದುಕೊಂಡು ದಾರಿಯ ಅಂಚಿಗೆ ಹೋಗಿ ನೆಲ ಅಗೆಯತೊಡಗಿದರು. ನಾಲ್ಕು ಏಟಿಗೇ ಏದುಸಿರು ಬಂತು. ಅಕಮೆಟ್ ಕಣ್ಣೊರೆಸಿಕೊಂಡು ಗುದ್ದಲಿ ಇಸಿದುಕೊಂಡ. ಗುರುಗಳು ದಣಿದರೆ ಕೆಲಸ ತನ್ನ ಕೈಗೆ ತೆಗೆದುಕೊಳ್ಳುವುದು ಅವನಿಗೆ ಹಳೆಯ ಅಭ್ಯಾಸ.

ಅವನು ತೋಡಿದ. ಗುರುಗಳು ಅಂಗೈಯಿಂದ ಅಂಚು ಸವರಿ ದುಂಡು ಮಾಡಿದರು.

ಎದುರು ದಡದ ಮರಗಳ ತುದಿಗೆ ಸೂರ್ಯ ತಾಗಿದ. ಅಕಮೆಟ್ ನೋಡಿದ. ಈಗಲೂ ಓಡಿದರೆ ಇಂಗ್ಲಿಷರ ಊರು ಮುಟ್ಟಬಹುದಿತ್ತು. ಗುರುಗಳ ಕಡೆ ತಿರುಗಿದ. ಅವರು ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಅವನು ಮತ್ತೆ ಬಗ್ಗಿದ.

ಹೊತ್ತು ಮುಳುಗಿತು. ದೂರದಲ್ಲಿ, ಇಂಗ್ಲಿಷರ ಊರಿನಲ್ಲಿ, ಸೈನಿಕರನ್ನು ಕೂಡಿಸುವ ನಗಾರಿ ಬಾರಿಸತೊಡಗಿದರು.

ಅಕಮೆಟ್ ಗುದ್ದಲಿ ಕೆಳಗಿಟ್ಟ.

"ಇದು ಯಾವುದರ ಗುಳಿ, ಗುರುಗಳೇ?"

"ನನ್ನ ಜನರನ್ನು ಹೇಗೆ ಉಳಿಸಲಿ ಅಂತ ಇಲ್ಲಿ ಒಬ್ಬ ಶಿಷ್ಯ ಬಂದು ಕೇಳಿದ," ಎಂದರು ಗುರುಗಳು. "ಗುರುವಿಗೆ ಗೊತ್ತಿರಲಿಲ್ಲ."