ನೆಟ್ಟಗೆ ನಿಂತು ಸಹಿ

ಶಿವನಂಜಮ್ಮನ ಹೆಂಚಿನ ಮನೆಗೆ ಪುರಸಭೆಯವರು ಎರಡು ಮಹಡಿಯ ಕಂದಾಯ ಹಾಕಿದ್ದರು. ಹಪ್ಪಳದ ಡಬ್ಬಿ ಇಡುವ ಅಟ್ಟವೇ ಅವರ ಪ್ರಕಾರ ಮೇಲಿನ ಮಹಡಿ. ಕಟ್ಟದಿದ್ದರೆ ಮನೆಗೆ ಬೀಗ. ನಾಲ್ಕು ತಿಂಗಳು ಕಚೇರಿಯ ಮೆಟ್ಟಿಲು ಹತ್ತಿಳಿದು ಅವಳ ಮೊಣಕಾಲು ಬಾತುಕೊಂಡಿತು. ಹೋದದ್ದು ಹತ್ತು ಸಲವೋ ಇಪ್ಪತ್ತು ಸಲವೋ, ನಾನಂತೂ ನೂರು ಅಂತಲೇ ಹೇಳುವುದು. ಪ್ರತಿ ಸಲವೂ ಕಂದಾಯ ಅಧಿಕಾರಿ ಪಂಚಾಕ್ಷರಯ್ಯ ತಲೆ ಎತ್ತದೆ, "ದಾಖಲೆಯಲ್ಲಿ ಮಹಡಿ ಅಂತಿದೆ, ಹೋಗಮ್ಮ" ಅನ್ನುತ್ತಿದ್ದರು.

ಕೊನೆಗೆ ಅವಳು ಕಚೇರಿ ಎದುರು ಮರದ ಕೆಳಗೆ ಟೈಪು ಮಾಡುವ ಅರ್ಜಿಯವನ ಮುಂದೆ ಕುಸಿದು ಕುಳಿತಳು.

"ಮೇಲ್ಮನವಿ ಏನಾದರೂ ಬರಿಯಪ್ಪ. ನನ್ನ ಕೈಲಿ ಇನ್ನು ಆಗಲ್ಲ."

ಅವನು ಟೈಪು ಮಾಡಿ ಓದಿದ: "ಕಂದಾಯ ಒಪ್ಪಿದ್ದೇನೆ. ಸಾಹೇಬರು ನಮ್ಮ ಮೇಲಿನ ಮಹಡಿಯಲ್ಲಿ ನೆಟ್ಟಗೆ ನಿಂತು ರಸೀದಿಗೆ ಸಹಿ ಹಾಕಿದರೆ ಅಲ್ಲೇ ಹಣ ಕೊಡುತ್ತೇನೆ."

"ಅಯ್ಯೋ, ಒಪ್ಪಿದ್ದೇನೆ ಅಂತ ಬರೆದುಬಿಟ್ಟೆಯಲ್ಲಪ್ಪ!"

"ತಕರಾರು ಅಂದರೆ ಅವರು ಕುರ್ಚಿ ಬಿಟ್ಟು ಏಳಲ್ಲಮ್ಮ. ವಸೂಲಿ ಅಂದರೆ ಓಡಿ ಬರ್ತಾರೆ."

ಪಂಚಾಕ್ಷರಯ್ಯ ಓಡಿಯೇ ಬಂದರು. ರಸೀದಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಏಣಿ ಹತ್ತಿದರು.

"ನೆಟ್ಟಗೆ ನಿಲ್ಲಿ ಸ್ವಾಮಿ," ಎಂದ, ಜೊತೆಗೆ ಬಂದಿದ್ದ ಅರ್ಜಿಯವನು ಕೆಳಗಿನಿಂದ.

ನಿಂತರು. ತೊಲೆ ನೆತ್ತಿಗೆ ಢಣ್ ಅಂತ ಬಡಿಯಿತು.

"ಅಪ್ಪಾ! ಇದನ್ನು ಮಹಡಿ ಅಂದವನು ಯಾವನಯ್ಯಾ? ಇದು ಬರೀ ಅಟ್ಟ!"

"ಅಷ್ಟನ್ನೇ ಈ ಕಾಗದದ ಮೇಲೆ ಬರೆದು ಸಹಿ ಹಾಕಿಬಿಡಿ ಸ್ವಾಮಿ. ಕೂತುಕೊಂಡೇ ಬರೀರಿ, ಪರವಾಗಿಲ್ಲ."

ಬರೆದುಕೊಟ್ಟು, ತಲೆ ಹಿಡಿದುಕೊಂಡು ಇಳಿದವರಿಗೆ ಶಿವನಂಜಮ್ಮ ಒದ್ದೆ ಬಟ್ಟೆ ಕೊಟ್ಟಳು. ಗೋಡೆಗೆ ಒರಗಿ ಮೊಣಕಾಲು ನೀವಿಕೊಳ್ಳುತ್ತಾ ಅಂದಳು:

"ನಾಲ್ಕು ತಿಂಗಳು ನಾನು ಹೇಳಿದ್ದು ನಿಮ್ಮ ತಲೆಗೆ ಹೋಗಲಿಲ್ಲ ಸ್ವಾಮಿ. ನಮ್ಮ ತೊಲೆ ಒಂದೇ ಮಾತಲ್ಲಿ ತಿಳಿಸಿತು ನೋಡಿ."