ದಿನಕ್ಕೊಂದು ಹೊಸ ಬರಹ

ನೇಕಾರರ ಸಂಘದ ಅಧ್ಯಕ್ಷ ಗುರುಶಾಂತಪ್ಪನವರು ಕ್ಲರ್ಕ್ ನೀಲವ್ವನನ್ನು ಕರೆದರು.

"ಸಂಘದ ಬ್ಲಾಗಿನಾಗ ನನ್ನ ಕೆಲಸದ ಬಗ್ಗೆ ದಿನಾ ಒಂದು ಹೊಸ ಬರಹ ಬರಬೇಕು. ಒಂದಿನ ತಪ್ಪಿದರೂ ನಿಮ್ಮ ನೌಕರಿ ಹೋತಂತ ತಿಳಕೋರಿ!"

ನೀಲವ್ವನಿಗೆ ದಿಗಿಲಾಯಿತು. ಮಾಡದ ಕೆಲಸವನ್ನು ಬರೆಯುವುದಾದರೂ ಹೇಗೆ? ಆದರೂ "ಆತ್ರೀ ಸರ" ಎಂದಳು.

ಸೋಮವಾರ ಬರೆದಳು: "ಅಧ್ಯಕ್ಷರ ದಾರಿ ಕಾದೆವು." ಮಂಗಳವಾರ: "ಇವತ್ತೂ ಕಾದೆವು." ಬುಧವಾರ: "ಅಧ್ಯಕ್ಷರು ಬಂದರು, ಚಹಾ ಕುಡಿದರು, ಹೋದರು."

ಯಾರೂ ತಿರುಗಿ ನೋಡದಿದ್ದ ಬ್ಲಾಗನ್ನು ಊರಿನವರೆಲ್ಲ ಮಗ್ಗ ನಿಲ್ಲಿಸಿ ಓದತೊಡಗಿದರು.

ಗುರುವಾರ ಕಚೇರಿ ಬಾಗಿಲು ತೆರೆಯುವ ಮೊದಲೇ ಅಧ್ಯಕ್ಷರು ಬಂದು ನಿಂತಿದ್ದರು. "ಏನ್ರೀ ಇದು? ನನ್ನ ಮಾನ ಹರಾಜು ಹಾಕೀರಲ್ಲ!"

"ದಿನಾ ಬರೀರಿ ಅಂದ್ರಿ, ಕಂಡದ್ದು ಬರೆದೆ. ಬ್ಯಾಡಂದ್ರ, ನೀವು ಕೆಲಸ ಮಾಡಿದ ದಿನ ಅಷ್ಟ ಬರೀತೀನ್ರೀ."

ಅಧ್ಯಕ್ಷರು ಬೆರಳು ಮಡಚಿ ಎಣಿಸತೊಡಗಿದರು. ಮೊದಲ ಬೆರಳಿಗೇ ಲೆಕ್ಕ ನಿಂತಿತು.

"ವರ್ಷಕ್ಕೊಂದು ಸಾಕ್ರೀ" ಎಂದರು.