ಆಲಿಕಲ್ಲು ಲಿಂಗವಾಗಿ ಇಳಿದ ಕರಿಬಂಡೆ ಗುಡ್ಡ

ತೋಳವೂ ಕುರಿಯೂ ಒಂದೇ ಹಳ್ಳದ ನೀರು ಕುಡಿಯುತ್ತಿದ್ದವೆಂದು ಹಿರಿಯರು ಬಣ್ಣಿಸುವ ಪುರಾತನ ಯುಗದಲ್ಲಿ, ಈ ಕರಿಬಂಡೆ ಗುಡ್ಡದ ತಪ್ಪಲಿನಲ್ಲಿ ಕೆಂಚಮಾಳನೆಂಬ ಕುರುಬನು ಪತ್ನಿಯಾದ ಸಣ್ಣೀರವ್ವೆಯೊಡನೆ ಕುರಿ ಮೇಯಿಸಿಕೊಂಡು ಸುಖವಾಗಿದ್ದನು. ಶಿವನಾಮವನ್ನು ನೆನೆಯದೆ ಅಂಬಲಿಯ ಬಟ್ಟಲು ಮುಟ್ಟದ ಆ ದಂಪತಿಗಳಿಗೆ ಕೊರತೆಯೆಂಬುದಿರಲಿಲ್ಲ. ಇದ್ದದ್ದು ಒಂದೇ ಚಿಂತೆ, ಅದೂ ತಮ್ಮದಲ್ಲ.

ಗುಡ್ಡದ ನೆತ್ತಿಯ ಮೇಲೆ ದೃಢವ್ರತನೆಂಬ ಮಹರ್ಷಿಯು ತಪೋನಿರತನಾಗಿದ್ದನು. ಉಳಿ ಸೋಕದ, ನೆಲದಿಂದ ಅಗೆಯದ, ಆಕಾಶದಿಂದಲೇ ಅವತರಿಸಿದ ಲಿಂಗವನ್ನು ಪೂಜಿಸಿ ಅದರ ತೀರ್ಥವನ್ನು ಸೇವಿಸುವವರೆಗೆ ಅನ್ಯಜಲವನ್ನು ಮುಟ್ಟೆನೆಂಬುದು ಆತನ ಕಠೋರ ಸಂಕಲ್ಪ. ಕಾಡುಹಣ್ಣುಗಳ ರಸದಿಂದ ಪ್ರಾಣ ಹಿಡಿದಿದ್ದ ಆ ಋಷಿಯು, ಗ್ರೀಷ್ಮವು ಬಲಿತು ಹಣ್ಣುಗಳೂ ಒಣಗಲು, ತುಟಿಯೊಡೆದು, ಕಣ್ಣು ಗುಳಿಬಿದ್ದು, ಜಪಮಾಲೆಯನ್ನು ಎಣಿಸಲೂ ಬೆರಳೆತ್ತಲಾರದವನಾದನು. ಕೆಂಚಮಾಳನು ಹಾಲು ಕರೆದು ಒಯ್ದರೆ, ಅದೂ ವ್ರತಕ್ಕೆ ಸಲ್ಲದೆಂದು ತಲೆಯಾಡಿಸಿ ಹಿಂದಕ್ಕೆ ಕಳುಹಿಸುವನು. ಪ್ರತಿದಿನವೂ ಹಾಲಿನ ತಂಬಿಗೆ ತುಂಬಿದಂತೆಯೇ ಮರಳುವುದನ್ನು ಕಂಡು ಸಣ್ಣೀರವ್ವೆಯು, “ಆ ಸ್ವಾಮಿ ನಮ್ಮ ಕಣ್ಣೆದುರೇ ಹೋಗಿಬಿಟ್ಟರೆ, ನಾವು ಈ ಗುಡ್ಡದಲ್ಲಿ ಹ್ಯಾಗೆ ಬಾಳೋದು?” ಎಂದು ಕಣ್ಣೊರೆಸಿಕೊಳ್ಳುವಳು.

ಹೀಗಿರಲು ಒಂದು ಮಧ್ಯಾಹ್ನ ಪಡುವಣ ದಿಕ್ಕಿನಿಂದ ಕಾಡಿಗೆಯಂಥ ಮೋಡವು ಉರುಳುರುಳಿ ಬಂದು, ಗುಡುಗು ಮೊಳಗಿ, ತಪ್ಪಲಿನ ಮೇಲೆಲ್ಲ ಆಲಿಕಲ್ಲುಗಳ ಮಳೆಗರೆಯಿತು. ಪತ್ನಿಯೊಡನೆ ಕುರಿಗಳನ್ನು ಬಂಡೆಯ ಸಂದಿಗೆ ಅಟ್ಟಿ ನಿಂತ ಕೆಂಚಮಾಳನ ಕಾಲಬುಡದಲ್ಲಿಯೇ ತೆಂಗಿನಕಾಯಿ ಗಾತ್ರದ ಆಲಿಕಲ್ಲೊಂದು ಧೊಪ್ಪನೆ ಬಿದ್ದಿತು. ತುದಿ ದುಂಡಗೆ, ಬುಡ ಅಗಲ, ಮೈಯೆಲ್ಲ ಸ್ಫಟಿಕಕಾಂತಿ: ಸಾಕ್ಷಾತ್ ಲಿಂಗಾಕಾರ!

“ಸಣ್ಣೀರೀ, ಬಂದ್ನಲ್ಲೇ ನಮ್ಮಪ್ಪ!” ಎಂದು ಕುಣಿದಾಡಿದ ಅವನು ಹೆಗಲ ಕಂಬಳಿಯನ್ನು ತೆಗೆದು ಅದಕ್ಕೆ ಸುತ್ತತೊಡಗಿದನು.

“ನಿಮಗೇನು ಬುದ್ಧಿ ಕೆಟ್ಟಿತೇ? ಕಂಬಳಿ ಹೊದಿಸಿದರೆ ಬೆಚ್ಚಗಾಗಿ ಕರಗಿಹೋಗ್ತಾನೆ!” ಎಂದಳು ಆಕೆ.

“ಚಳಿಯಲ್ಲಿ ಈ ಕಂಬಳಿ ನಮ್ಮ ಮೈಕಾವನ್ನ ಹೊರಕ್ಕೆ ಬಿಡೋದಿಲ್ಲ. ಈಗ ಹೊರಗಿನ ಕಾವನ್ನ ಒಳಕ್ಕೆ ಬಿಡ್ತದೆಯೇ? ಜಾಗ ಬಿಡು!”

ಮಳೆ ನಿಂತು ಬಿಸಿಲು ಮರಳಿ ಕಾಯತೊಡಗಿತ್ತು. ಗಂಟನ್ನು ತಲೆಯ ಮೇಲಿಟ್ಟುಕೊಂಡು ಕಡಿದಾದ ದಾರಿಯಲ್ಲಿ ಏದುಸಿರು ಬಿಡುತ್ತ ಓಡಿದ ಕೆಂಚಮಾಳನ ಕತ್ತಿನ ಮೇಲೆ ತಣ್ಣನೆಯ ಹನಿಗಳು ಒಂದೊಂದಾಗಿ ಇಳಿಯಲಾರಂಭಿಸಿದವು. ಹನಿ ಬಿದ್ದಾಗಲೊಮ್ಮೆ ಶಿವನು ಅಷ್ಟಷ್ಟೇ ಕಿರಿದಾಗುತ್ತಿರುವನೆಂದು ಅವನ ಎದೆ ಹೊಡೆದುಕೊಂಡಿತು. ಮೊಣಕಾಲು ಕಲ್ಲಿಗೆ ತಾಗಿ ರಕ್ತ ಸೋರಿದರೂ ನಿಲ್ಲದೆ ನೆತ್ತಿ ತಲುಪಿ, ಋಷಿಯ ಮುಂದಿನ ಬಂಡೆಗುಳಿಯಲ್ಲಿ ಲಿಂಗವನ್ನಿರಿಸಿ ಕಂಬಳಿ ಸರಿಸಿದನು.

ದೃಢವ್ರತನ ಮುಖವು ಪೌರ್ಣಿಮೆಯ ಚಂದ್ರನಂತೆ ಅರಳಿತು. ಕೈಗೆ ಸಿಕ್ಕಿದ ತುಂಬೆಹೂವನ್ನೇ ಏರಿಸಿ ಸ್ತುತಿಸುತ್ತಿರುವಷ್ಟರಲ್ಲಿ ಲಿಂಗವು ಸೋರಿ, ಸಣ್ಣದಾಗಿ, ಬೆಣಚುಕಲ್ಲಿನಷ್ಟಾಗಿ, ಕಡೆಗೆ ಹೂವೊಂದೇ ನೀರಿನ ಮೇಲೆ ತೇಲಿತು. “ಅಯ್ಯೋ, ನನ್ನ ದೇವನು ನಾಶವಾದನಲ್ಲಾ!” ಎಂದು ಋಷಿಯು ನೆಲಕ್ಕೆ ಕುಸಿದನು. ಕೆಂಚಮಾಳನು ಗುಳಿಯ ನೀರನ್ನು ಬೊಗಸೆಯಲ್ಲೆತ್ತಿ, “ಇದೇ ತೀರ್ಥವಲ್ಲವೇ ಸ್ವಾಮಿ? ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಗುಟುಕು ಕುಡೀರಿ” ಎಂದು ಅಂಗಲಾಚಿದರೂ, ಲಿಂಗವೇ ಇಲ್ಲದ ಮೇಲೆ ತೀರ್ಥವೆಲ್ಲಿಯದೆಂದು ಆತನು ಬಾಯಿ ತೆರೆಯಲಿಲ್ಲ.

ಆಗ ದಶದಿಕ್ಕುಗಳೂ ಮೊಳಗುವಂತೆ ಅಶರೀರವಾಣಿಯು ಕೇಳಿಬಂದಿತು: “ಎಲೈ ದೃಢವ್ರತನೇ, ಕಲ್ಲಾಗಿ ಬಂದರೆ ಕೈಮುಗಿಯುವೆ, ನೀರಾದರೆ ಅಳುವೆ! ಮೋಡದ ಗರ್ಭದಲ್ಲಿ ಶೀತದಿಂದ ಹೆಪ್ಪುಗಟ್ಟಿದವನು ನಾನೇ. ಕಾವಿಗೆ ಕರಗಿ ಜಲವಾದವನು ನಾನೇ. ನಾಳೆ ಸೂರ್ಯತಾಪದಿಂದ ಆವಿಯಾಗಿ ನಿನ್ನ ಕಣ್ಣಿಗೆ ಮರೆಯಾಗುವವನೂ ನಾನೇ. ರೂಪ ಮೂರಾದರೂ ತತ್ತ್ವವೊಂದೇ. ಈ ಭಕ್ತನ ಬೊಗಸೆ ಸೋರುತ್ತಿದೆ, ತಡಮಾಡದೆ ಕುಡಿ!”

ಋಷಿಯು ಕುಡಿದನು, ಕುಡಿದು, ಬಹುಕಾಲದ ಮೇಲೆ ಮಗುವಿನಂತೆ ನಕ್ಕನು. ಕೆಲವೇ ದಿನಗಳಲ್ಲಿ ಗುಳಿಯು ಬತ್ತಿತು. ಕೆಂಚಮಾಳನು ಗಾಬರಿಯಿಂದ ಓಡಿ ಬಂದು ತೋರಿಸಿದರೆ, “ಹೋಗಲಿ ಬಿಡಪ್ಪಾ, ಬರುವ ದಾರಿ ಅವನಿಗೆ ಗೊತ್ತಿದೆ” ಎಂದು ಮಹರ್ಷಿಯು ಮೂಡಣದ ಮೋಡದತ್ತ ಬೆರಳು ಮಾಡಿದನು. ಆ ಮಾತು ಮುಗಿಯುವ ಮುನ್ನವೇ ಮೊದಲ ಹನಿಯು ಅವನ ಬೆರಳಿನ ಮೇಲೆಯೇ ಬಿದ್ದಿತಂತೆ.

ಆ ಬಂಡೆಗುಳಿಯು ಇಂದಿಗೂ ನೆತ್ತಿಯ ಮೇಲಿದೆ. ಗುಡಿಯಿಲ್ಲ, ಗೋಪುರವಿಲ್ಲ, ಸ್ಥಿರವಾದ ಮೂರ್ತಿಯೂ ಇಲ್ಲ. ವೈಶಾಖದ ಹುಣ್ಣಿಮೆಯ ದಿನ ಸುತ್ತಲಿನ ಹಟ್ಟಿಗಳ ಹೆಣ್ಣುಮಕ್ಕಳು ಹೊಸ ಬೆಣ್ಣೆಯ ಲಿಂಗವನ್ನು ಮಾಡಿ ಗುಳಿಯಲ್ಲಿಟ್ಟು ಆರತಿಯೆತ್ತುವರು. ಬಿಸಿಲೇರಿ ಲಿಂಗವು ವಾಲತೊಡಗಿದೊಡನೆ ನೆರೆದವರೆಲ್ಲ ಚಪ್ಪಾಳೆ ತಟ್ಟಿ ನಗುವುದೇ ಇಲ್ಲಿಯ ಮಹಾಮಂಗಳಾರತಿ. ಬಳಿಕ ಕರಗಿದ ಬೆಣ್ಣೆಯನ್ನು ಬಿಸಿ ರೊಟ್ಟಿಗೆ ಸವರಿ ಪ್ರಸಾದವಾಗಿ ಹಂಚುವರು. ಯಾತ್ರಿಕರು ಹಸಿದು ಬರುವುದು ಒಳ್ಳೆಯದು.